ಆತು ಅಂದ ಮಳೆಗಾಲ

ಬಿಳಿ ಬೋರ್ಡಿನ ಮೇಲೆ ಬರೆಯುವ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆಯಲು ನನಗೆ ಈಗಲೂ ಮನಸ್ಸಾಗುವುದಿಲ್ಲ. ಕಳೆದ ತಿಂಗಳು ಕುಮಟೆಯ ಕಾಲೇಜೊಂದರಲ್ಲಿ ‘ಎಜೈಲ್ ಪದ್ಧತಿಯಲ್ಲಿ ತಂಡವಾಗಿ ಕೆಲಸ ಮಾಡುವುದು ಹೇಗೆ’ ಎಂದು ಮಕ್ಕಳಿಗೆ ಹೇಳಲು ನನ್ನನ್ನು ಕರೆದಿದ್ದರು. ಪೆನ್ನು ಕೈಗೆ ಕೊಟ್ಟರು. ಮುಚ್ಚಳ ತೆಗೆದೆ, ಆ ಘಾಟು ಮೂಗಿಗೆ ಬಡಿಯಿತು, ಮುಚ್ಚಳ ಮತ್ತೆ ಹಾಕಿ ಪೆನ್ನನ್ನು ಮೇಜಿನ ಮೇಲಿಟ್ಟೆ. ಮೇಡಂಗೆ ವಿಷಯ ಮರೆತುಹೋಗಿದೆ ಎಂದು ಮಕ್ಕಳು ಅಂದುಕೊಂಡಿರಬೇಕು. ಮರೆತಿದ್ದರೆ ಚೆನ್ನಾಗಿರುತ್ತಿತ್ತು. ಎರಡು ದಶಕದ ಹಿಂದಿನ ಒಂದು ಮಳೆಗಾಲದ ಸಿಟ್ಟು ಇನ್ನೂ ಹಾಗೇ ಇತ್ತು.

ಅದು 2006ರ ಮಳೆಗಾಲ. ನಾನು ಕುಮಟೆಯ ಹತ್ತಿರದ ಕಾಗಾಲದವಳು, ಕಂಪ್ಯೂಟರ್ ಓದಿ ಮುಗಿಸಿದ್ದೆ. ಪುಣೆಯ ಕಂಪನಿಯೊಂದು ಕಡಿಮೆ ಸಂಬಳಕ್ಕೆ ಜನ ಸಿಗುತ್ತಾರೆ ಎಂದು ಕುಮಟೆಯಲ್ಲಿ ಒಂದು ಪುಟ್ಟ ಕಚೇರಿ ತೆರೆದಿತ್ತು. ಕೆಳಗೆ ಬಟ್ಟೆ ಅಂಗಡಿ, ಮೇಲೆ ನಾವು ಆರು ಮಂದಿ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿದ್ದಕ್ಕೆ ಊರಲ್ಲಿ ನನ್ನ ಅಪ್ಪ ಎದೆ ಸೆಟೆಸಿ ಓಡಾಡುತ್ತಿದ್ದರು. ನನ್ನ ಪಕ್ಕದ ಕುರ್ಚಿ ಭಟ್ಕಳದ ಇಮ್ರಾನನದು. ಬೆಳಗಿನ ರೈಲಿಗೆ ಬರುತ್ತಿದ್ದ, ಮನೆಗೆ ಫೋನು ಮಾಡಿದರೆ ನವಾಯತಿ, ನಮ್ಮೊಡನೆ ಕನ್ನಡ, ಕಂಪ್ಯೂಟರ್ ಕೈಕೊಟ್ಟರೆ ಉರ್ದುವಿನಲ್ಲಿ ಬೈಗುಳ.

ನಮ್ಮೆಲ್ಲರ ಮೇಲೆ ದಿನೇಶ್ ಸರ್. ಕುಮಟೆಯಲ್ಲೇ ಹುಟ್ಟಿ ಬೆಳೆದು ಪುಣೆಯಲ್ಲಿ ನಾಲ್ಕು ವರ್ಷ ಇದ್ದು ಬಂದ ಮನುಷ್ಯ. ಬರುವಾಗ ಎಜೈಲ್ ಎಂಬ ಮಂತ್ರ ಕಲಿತು ಬಂದಿದ್ದರು. ಮಂತ್ರ ಕೆಟ್ಟದ್ದಲ್ಲ, ಅದನ್ನು ಈಗಲೂ ಹೇಳುತ್ತೇನೆ. ದೊಡ್ಡ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಬೇಕು. ಎರಡು ವಾರಕ್ಕೊಮ್ಮೆ ಆದಷ್ಟನ್ನು ಬಳಸುವವರ ಮುಂದಿಡಬೇಕು, ಅವರು ಇದು ಸರಿ ಇಲ್ಲ ಅಂದರೆ ತಿದ್ದಬೇಕು. ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಹದಿನೈದು ನಿಮಿಷ ಮಾತಾಡಬೇಕು, ನಿನ್ನೆ ಎಂತ ಮಾಡಿದೆ, ಇವತ್ತು ಎಂತ ಮಾಡುತ್ತೇನೆ, ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು. ಒಂದೊಂದು ತುಂಡು ಕೆಲಸಕ್ಕೆ ಒಂದೊಂದು ಹಳದಿ ಚೀಟಿ, ಅದನ್ನು ಹಚ್ಚಲು ಒಂದು ಬೋರ್ಡು. ಇಷ್ಟೇ. ಎಂಟು ಜನರ ಅಡುಗೆಮನೆ ನಡೆಸುವ ಯಾವ ಹೆಂಗಸಿಗೂ ಗೊತ್ತಿರುವ ವಿಷಯ.

ಬಿಳಿ ಬೋರ್ಡಿನ ಮೇಲೆ ಮಾರ್ಕರಿನಲ್ಲಿ ಮೂರು ಕಾಲಂ ಎಳೆದು ದಿನೇಶ್ ಸರ್ ತಮ್ಮ ಕೈಯಾರೆ ಬರೆದರು: ‘ಮಾಡೂದು’, ‘ಮಾಡ್ತಾ ಇದ್ದದ್ದು’, ‘ಆತು’. ಪುಣೆಯವರು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ನಮ್ಮದು ನಮ್ಮ ಮಾತಿನಲ್ಲೇ ಇರಲಿ ಎಂದರು. ಆ ದಿನ ನನಗೆ ಅವರ ಮೇಲೆ ಎಷ್ಟು ಅಭಿಮಾನ ಬಂತೆಂದು ನೆನೆದರೆ ಈಗ ನಾಚಿಕೆಯಾಗುತ್ತದೆ. ನಮ್ಮ ಕಡೆ ‘ಆತು’ ಅಂದರೆ ಮುಗಿಯಿತು ಎಂದೂ ಹೌದು, ‘ಸರಿ, ಹಾಗೇ ಮಾಡ್ತೆ’ ಎಂದೂ ಹೌದು. ಅವ್ವ ನೀರು ತಾ ಅಂದರೆ ಆತು ಅನ್ನುತ್ತೇವೆ, ನೀರು ಇನ್ನೂ ಬಾವಿಯಲ್ಲೇ ಇರುತ್ತದೆ. ಇದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ನಮಗೆ ಸಿಕ್ಕ ಕೆಲಸ ಹೊನ್ನಾವರ ಬಂದರಿನ ಬೋಟು ಮಾಲೀಕರ ಸೊಸೈಟಿಯದು. ಯಾವ ಬೋಟು ಕಡಲಿಗೆ ಹೋಯಿತು, ಅದರಲ್ಲಿ ಯಾರು ಯಾರು ಇದ್ದಾರೆ, ತಿರುಗಿ ಬಂದರೋ ಇಲ್ಲವೋ ಎಂಬುದನ್ನು ಕಂಪ್ಯೂಟರಿಗೆ ಹಾಕಬೇಕು. ಅಲ್ಲಿಯವರೆಗೆ ಅದನ್ನು ನಾಗಪ್ಪಣ್ಣ ಎಂಬ ಗುಮಾಸ್ತರು ಒಂದು ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದರು. ಮಳೆ ಹಿಡಿಯುವ ಮೊದಲು ನಾನೂ ಇಮ್ರಾನನೂ ಹೋಗಿ ಒಂದಿಡೀ ದಿನ ಅವರ ಕೆಲಸ ನೋಡಿದೆವು. ಬೋಟು ಬಿಡುವ ಮುಂಚೆ ಅವರು ಬೋಟು ಕಟ್ಟುವ ಧಕ್ಕೆಯ ಅಂಚಿಗೆ ಹೋಗಿ ನಿಂತು ಒಬ್ಬೊಬ್ಬರ ಹೆಸರನ್ನೂ ಕೂಗುತ್ತಿದ್ದರು. ಬೋಟಿನೊಳಗಿಂದ ಆ ಮನುಷ್ಯನೇ ‘ಹೋ’ ಅನ್ನಬೇಕು. ಆಮೇಲೆ ಪುಸ್ತಕದಲ್ಲಿ ಹೆಸರು. ಒಬ್ಬನ ಬದಲು ಪಕ್ಕದವನು ‘ಹೋ’ ಅಂದಾಗ ನಾಗಪ್ಪಣ್ಣ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ನಿಂತುಬಿಟ್ಟರು.

“ಒಳ್ಗೆ ಅನ್ನ ಬೇಯಿಸ್ತಾ ಇದ್ದ ನಾಗಪ್ಪಣ್ಣ, ಬರ್ಕಳಿ,” ಎಂದು ಬೋಟಿನವರು ಕೂಗಿದರು.

“ಅನ್ನ ಬೇಯ್ಲಿ. ಅವ್ನೇ ಬಂದು ಹೋ ಅಂದ್ರೆ ಬರ್ಕಂತೆ,” ಎಂದರು ಇವರು. ಆಮೇಲೆ ನನ್ನ ಕಡೆ ತಿರುಗಿ, “ತಂಗಿ, ಹೆಸ್ರು ಬರಿಯೂಕೆ ಎಂತ ಬೇಕು? ಮನ್ಷ ಹತ್ತಿದ್ನಾ ನೋಡೂದು ಕೆಲ್ಸ. ದಿನಾ ಒಬ್ನಾದ್ರೂ ಬದ್ಲಿ ಇರ್ತ. ಒಬ್ನಿಗೆ ಜ್ವರ, ಒಬ್ನ ಮನೇಲಿ ಮದ್ವೆ. ಅವ್ನ ಬದ್ಲಿಗೆ ಇನ್ನೊಬ್ಬ ಹತ್ತಿರ್ತ. ಆ ಬದ್ಲಿ ತಪ್ಪಿದ್ರೆ ನಿಮ್ ಕಂಪ್ಯೂಟರು ಎಂತಕ್ಕೂ ಬರೂದಿಲ್ಲ,” ಎಂದರು.

ಅದನ್ನು ಹಾಗೇ ಬರೆದುಕೊಂಡು ಬಂದೆ. ಒಂದು ಹಳದಿ ಚೀಟಿಯ ಮೇಲೆ ‘ಬದಲಿ ಆಳು’ ಎಂದು ಬರೆದು ಮೊದಲ ಕಾಲಮ್ಮಿನಲ್ಲಿ ಎಲ್ಲಕ್ಕಿಂತ ಮೇಲೆ ಹಚ್ಚಿದೆ. ಎರಡು ವಾರಕ್ಕೊಮ್ಮೆ ನಾಗಪ್ಪಣ್ಣನನ್ನು ಕರೆಸಿ ತೋರಿಸೋಣ ಎಂದು ದಿನೇಶ್ ಸರ್‌ಗೆ ಹೇಳಿದೆ, ಅವರೇ ಕಲಿಸಿದ ಪಾಠವಲ್ಲವೇ ಅದು. “ಆ ಮುದ್ಕನ್ನ ಕರ್ಸಿದ್ರೆ ದಿನಕ್ಕೊಂದು ಹೊಸ್ತು ಕೇಳ್ತ. ಮೊದ್ಲು ಮುಗ್ಸಿ, ಆಮೇಲೆ ತೋರ್ಸುವಾ,” ಎಂದರು. ನಾನು ಹೋಗಿ ಕಂಪ್ಯೂಟರಿನ ಮುಂದೆ ಕೂತೆ.

ಜೂನಿನಲ್ಲಿ ಮಳೆ ಹಿಡಿಯಿತು. ಬೋಟುಗಳೆಲ್ಲ ದಡದಲ್ಲಿ, ಮೀನುಗಾರಿಕೆ ಬಂದ್. ಆಗಸ್ಟಿನಲ್ಲಿ ಬೋಟು ಬಿಡುವುದರೊಳಗೆ ನಮ್ಮ ಕೆಲಸ ಮುಗಿಯಬೇಕು. ಕುಮಟೆಯ ಮಳೆಗೆ ಪುಣೆಯ ಚೀಟಿಗಳು ಸೋತುಹೋದವು. ಥಂಡಿಗೆ ಅಂಟು ಬಿಟ್ಟುಕೊಂಡು ಬೆಳಿಗ್ಗೆ ಬರುವಷ್ಟರಲ್ಲಿ ಅರ್ಧ ಚೀಟಿ ನೆಲದ ಮೇಲೆ ಬಿದ್ದಿರುತ್ತಿದ್ದವು, ಯಾವುದು ಯಾವ ಕಾಲಮ್ಮಿನದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಕಡೆಗೆ ಬೋರ್ಡಿನ ಪಕ್ಕ ಒಂದು ಥರ್ಮೋಕೋಲ್ ಹಲಗೆ ಹೊಡೆದು, ಅದಕ್ಕೂ ಮೂರು ಕಾಲಂ ಎಳೆದು, ಚೀಟಿಗಳಿಗೆ ಗುಂಡುಪಿನ್ನು ಚುಚ್ಚಿದೆವು. ಮೂಲೆಯಲ್ಲಿ ಆರು ಒದ್ದೆ ಕೊಡೆ, ಕರೆಂಟು ಹೋದರೆ ಕತ್ತಲೆ, ಆ ಕತ್ತಲೆಯಲ್ಲೇ ನಮ್ಮ ನಿಂತ ಸಭೆ.

ಹದಿನೈದು ನಿಮಿಷದ ಸಭೆ ಮುಕ್ಕಾಲು ಗಂಟೆಗೆ ಮುಗಿದರೆ ಅದೇ ಪುಣ್ಯ. ನಿಲ್ಲುತ್ತಿದ್ದವರು ನಾವು ಐವರು. ದಿನೇಶ್ ಸರ್ ಕುರ್ಚಿಯ ಮೇಲೆ ಕೂತು, ಕಾಲ ಮೇಲೆ ಕಾಲು ಹಾಕಿ, ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು ಅವರಿಗೆ ಹಾಜರಿ ಒಪ್ಪಿಸುವ ಮಾತಾಯಿತು. ಇಮ್ರಾನ್ ನನ್ನ ಕಿವಿಯ ಹತ್ತಿರ, “ಶಾಲೆಲಿ ಮಗ್ಗಿ ಬಾರದೆ ಇದ್ದಾಗ ಹಿಂಗೇ ನಿಂತಿದ್ದೆ ಮಾರಾಯ್ತಿ,” ಎನ್ನುತ್ತಿದ್ದ. ಎಲ್ಲಿ ಸಿಕ್ಕಿಬಿದ್ದಿದ್ದೇನೆ ಎಂದು ಯಾರಾದರೂ ಬಾಯಿ ಬಿಟ್ಟರೆ ಸರ್ ಬೈಗುಳಕ್ಕೆ ಸಂಜೆಯವರೆಗೆ ಅವನ ಮುಖ ನೋಡುವಂತಿರಲಿಲ್ಲ. ಒಂದು ತಿಂಗಳಲ್ಲಿ ಎಲ್ಲರೂ ಬುದ್ಧಿ ಕಲಿತೆವು. ಕೇಳಿದ್ದಕ್ಕೆಲ್ಲ ‘ಆತು ಸರ್’.

ಸಂಜೆ ಐದೂವರೆಗೆ ದಿನೇಶ್ ಸರ್ ಆ ಹಲಗೆಯ ಫೋಟೊ ತೆಗೆದು ಪುಣೆಗೆ ಕಳಿಸುತ್ತಿದ್ದರು. ಬಲಗಡೆಯ ಕಾಲಂ ತುಂಬಿದಷ್ಟೂ ಪುಣೆಯಲ್ಲಿ ಅವರ ಹೆಸರು ಮೇಲೆ. ಜುಲೈಯ ಒಂದು ಬೆಳಿಗ್ಗೆ ನನ್ನ ಸರದಿ ಬಂತು.

“ಸವಿತಾ, ಬದಲಿ ಆಳಿನ ಸ್ಕ್ರೀನು ಶುಕ್ರವಾರದ ಒಳ್ಗೆ ಆಗ್ಬೇಕು. ಆತಾ?”

“ಆತು ಸರ್.”

ಅವರು ಎದ್ದು, ನನ್ನ ಚೀಟಿಯ ಪಿನ್ನು ಕಿತ್ತು, ಮೊದಲ ಕಾಲಮ್ಮಿನಿಂದ ನೇರ ಮೂರನೆಯ ಕಾಲಮ್ಮಿಗೆ ಚುಚ್ಚಿದರು.

“ಸರ್, ನಾನಿನ್ನೂ ಶುರುನೇ ಮಾಡ್ಲಿಲ್ಲ.”

“ನೀನೇ ಆತು ಅಂದೆ ಅಲ್ದೆ?” ಎಂದು ನಕ್ಕರು. “ಹೆಂಗೂ ಶುಕ್ರವಾರ ನೀ ಮುಗಿಸ್ತೆ. ಇವತ್ತು ಫೋಟೊ ಚಂದ ಬರ್ಲಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರಿಗೆ ಗೊತ್ತಿಲ್ಲದೆ ಆದ ತಪ್ಪು ಇದೆಂದು ಆಮೇಲೆ ಯಾರ್ಯಾರೋ ಹೇಳಿದರು. ಸುಳ್ಳು. ಆ ಮಾತಿಗೆ ಎರಡು ಅರ್ಥ ಇದೆಯೆಂದು ಗೊತ್ತಿದ್ದೇ, ತನಗೆ ಬೇಕಾದ ಅರ್ಥವನ್ನು ಆರಿಸಿಕೊಂಡ ಮನುಷ್ಯ ಅದು. ಹೊರಗಿನವನು ಬಂದು ನಮ್ಮ ಮಾತನ್ನು ತಪ್ಪು ತಿಳಿದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಮ್ಮವನೇ ನಮ್ಮ ಮಾತನ್ನು ನಮ್ಮ ಮೇಲೆ ತಿರುಗಿಸಿದ್ದ.

ಶುಕ್ರವಾರ ಬಂತು, ಬೇರೆ ನಾಲ್ಕು ಕೆಲಸ ನನ್ನ ತಲೆಗೆ ಬಿತ್ತು. ‘ಆತು’ ಕಾಲಮ್ಮಿನಲ್ಲಿ ಕೂತ ಚೀಟಿಗೆ ಸಮಯ ಕೊಡಿ ಎಂದು ಯಾವ ಬಾಯಲ್ಲಿ ಕೇಳುವುದು? ಅಷ್ಟರಲ್ಲಿ ಸೊಸೈಟಿಯ ಅಧ್ಯಕ್ಷರಿಗೆ ಕೆಲಸ ತೋರಿಸುವ ದಿನ ಬಂತು. “ಬದಲಿಗೆ ಒಂದು ಬಟನ್ ಹಾಕಿಡು, ತೋರ್ಸೂಕೆ ಮಾತ್ರ,” ಎಂದರು ದಿನೇಶ್ ಸರ್. ಹಾಕಿದೆ. ಒತ್ತಿದರೆ ‘ಉಳಿಸಲಾಗಿದೆ’ ಎಂದು ಹಸಿರು ಅಕ್ಷರದಲ್ಲಿ ಬರುತ್ತಿತ್ತು. ನಿಜವಾಗಿ ಏನೂ ಉಳಿಯುತ್ತಿರಲಿಲ್ಲ, ಆ ಹೆಸರು ಎಲ್ಲಿಗೂ ಹೋಗುತ್ತಿರಲಿಲ್ಲ. ಅಧ್ಯಕ್ಷರು ಒತ್ತಿ ನೋಡಿ ಖುಷಿಪಟ್ಟರು. ಆ ಹಸಿರು ಅಕ್ಷರ ಬರೆದದ್ದು ನನ್ನ ಈ ಹತ್ತು ಬೆರಳು. ಬೇರೆಯವರನ್ನು ಬೈಯುವಾಗ ಇದನ್ನು ನುಂಗಿಕೊಂಡರೆ ನಾನೂ ದಿನೇಶ್ ಸರ್ ಜಾತಿಯವಳೇ ಆಗುತ್ತೇನೆ.

ಆಗಸ್ಟಿನಲ್ಲಿ ಬೋಟು ಬಿಟ್ಟವು. ಸೊಸೈಟಿಯಲ್ಲಿ ಕಂಪ್ಯೂಟರು ಕೂತಿತು, ಆ ಸುಳ್ಳು ಬಟನ್ನೂ ಅದರೊಳಗೆ ಹಾಗೇ ಹೋಯಿತು, ಅದಕ್ಕೊಬ್ಬಳು ಆಪರೇಟರು ಬಂದಳು. ನಾಗಪ್ಪಣ್ಣನ ಪುಸ್ತಕ ಕಪಾಟು ಸೇರಿತು, ಅವರನ್ನು ಬೋಟುಗಳಿಗೆ ಮಂಜುಗಡ್ಡೆ ಕೊಡುವ ಚೀಟಿ ಹರಿಯುವ ಕೆಲಸಕ್ಕೆ ಕೂರಿಸಿದರು. ಧಕ್ಕೆಯಲ್ಲಿ ಹೆಸರು ಕೂಗುವುದು ನಿಂತಿತು. ಬೋಟಿನವರು ಕಿಟಕಿಯ ಹತ್ತಿರ ಬಂದು ಹೇಳಿಹೋದರೆ ಸಾಕಾಯಿತು.

ಸೆಪ್ಟೆಂಬರಿನಲ್ಲಿ ಏಳು ಮಂದಿಯ ಒಂದು ಬೋಟು ಹೊರಟಿತು. ಹೊನ್ನಾವರದ ಪಕ್ಕದ ಕಾಸರಕೋಡಿನ ತಿಮ್ಮಪ್ಪ ಎಂಬವನು ಕಾಯಂ ಆಳು, ಅವನಿಗೆ ಜ್ವರ. ಅವನ ಬದಲಿಗೆ ಅಘನಾಶಿನಿ ಊರಿನ ಈಶ್ವರ ಹತ್ತಿದ. ಬೋಟಿನವರು ಕಿಟಕಿಯಲ್ಲಿ ಹೇಳಿದರು, ಆಪರೇಟರು ಈಶ್ವರನ ಹೆಸರು ಹಾಕಿ ನನ್ನ ಬಟನ್ ಒತ್ತಿದಳು, ‘ಉಳಿಸಲಾಗಿದೆ’ ಎಂದು ಬಂತು. ಮರುದಿನ ಗಾಳಿ ಎದ್ದಿತು. ಉಳಿದ ಬೋಟುಗಳು ಅಲ್ಲಿ ಇಲ್ಲಿ ದಡ ಸೇರಿದವು, ಇದೊಂದು ಬರಲಿಲ್ಲ, ವೈರ್‌ಲೆಸ್ಸಿನಲ್ಲೂ ಸಿಗಲಿಲ್ಲ. ಸೊಸೈಟಿಯವರು ಕಂಪ್ಯೂಟರಿನಿಂದ ಪಟ್ಟಿ ತೆಗೆದು ಮನೆಮನೆಗೆ ಸುದ್ದಿ ಕಳಿಸಿದರು.

ಪಟ್ಟಿಯಲ್ಲಿ ತಿಮ್ಮಪ್ಪನ ಹೆಸರಿತ್ತು. ಅವನು ಭಟ್ಕಳದ ಅಕ್ಕನ ಮನೆಯಲ್ಲಿ ಕಷಾಯ ಕುಡಿದು ಮಲಗಿದ್ದ. ಇಲ್ಲಿ ಅವನ ತಾಯಿ ಎದೆ ಬಡಿದುಕೊಂಡು ಒಂದು ದಿನವಿಡೀ ಅತ್ತಳು, ಊರು ಸೇರಿತು. ಮರುದಿನ ಮಧ್ಯಾಹ್ನ ಅವನು ಬಸ್ಸಿಳಿದು ನಡೆದು ಬಂದಾಗ ಆ ಮುದುಕಿಗೆ ಬವಳಿ ಬಂತು. ಬೋಟಿನಲ್ಲಿ ನಿಜವಾಗಿ ಇದ್ದ ಈಶ್ವರನ ಮನೆಗೆ ಯಾರೂ ಹೋಗಲಿಲ್ಲ. ಅವನ ಹೆಂಡತಿ ಮಾದೇವಿ ಗಾಳಿ ನಿಂತ ಮೇಲೆ ಎಂದಿನಂತೆ ಹೊಳೆಗಿಳಿದು ಬಳಚು ಎನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದಳು. ಗಂಡ ಬೇರೆ ಬೋಟುಗಳವರ ಜೊತೆ ಯಾವುದೋ ದಡ ಸೇರಿರುತ್ತಾನೆ, ಹಾಗಲ್ಲದಿದ್ದರೆ ಸುದ್ದಿ ಬರುತ್ತಿರಲಿಲ್ಲವೇ ಎಂದು ಅವಳ ಎಣಿಕೆ. ಮೂರನೆಯ ದಿನ ಕುಮಟೆಯ ಮೀನುಪೇಟೆಗೆ ಬಳಚು ಮಾರಲು ಬಂದಾಗ, ತಿಮ್ಮಪ್ಪ ಬದುಕಿ ಬಂದ ಕತೆಯನ್ನು ಯಾರೋ ನಗುತ್ತಾ ಹೇಳಿದರು. ಅವನ ಬದಲಿ ಯಾರು ಎಂಬುದು ಅಲ್ಲಿದ್ದವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ನಾಲ್ಕನೆಯ ದಿನ ಆ ಬೋಟನ್ನು ಇನ್ನೊಂದು ಬೋಟು ಕಾರವಾರಕ್ಕೆ ಎಳೆದು ತಂದಿತು. ಎಂಜಿನ್ ಕೆಟ್ಟು ಅಲೆಯುತ್ತಿತ್ತಂತೆ. ಏಳೂ ಮಂದಿ ಬದುಕಿದ್ದರು. ದೇವರು ದೊಡ್ಡವನು, ಸರಿ. ಆದರೆ ದಿನೇಶ್ ಸರ್ ಪುಣೆಗೆ ಬರೆದದ್ದೇನು ಗೊತ್ತೇ? ‘ಸಣ್ಣ ದೋಷ, ಯಾರಿಗೂ ತೊಂದರೆ ಆಗಿಲ್ಲ’ ಎಂದು. ಆ ಕಾಗದ ಓದಿ ನನ್ನ ಮೈ ಉರಿಯಿತು. ಯಾರೂ ಸಾಯದಿದ್ದರೆ ತೊಂದರೆಯೇ ಇಲ್ಲವೇ? ಬವಳಿ ಬಂದು ಬಿದ್ದ ಮುದುಕಿ, ಪೇಟೆಯಲ್ಲಿ ಬುಟ್ಟಿ ಬಿಟ್ಟು ಓಡಿದ ಹೆಂಗಸು, ಇವರು ಯಾರ ಲೆಕ್ಕಕ್ಕೂ ಇಲ್ಲವೇ? ಚೀಟಿ ಮಾತ್ರ ಅದೇ ಮೂರನೆಯ ಕಾಲಮ್ಮಿನಲ್ಲಿ ಪಿನ್ನು ಚುಚ್ಚಿಕೊಂಡು ಹಾಗೇ ಇತ್ತು.

ಮುಂದಿನ ಸೋಮವಾರ ನಾವು ನಿಂತಿರುವಾಗ ಮೆಟ್ಟಿಲು ಹತ್ತಿ ನಾಗಪ್ಪಣ್ಣ ಬಂದರು. ಅವರ ಹಿಂದೆ ಮಾದೇವಿ. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದ್ದಳು. ದಿನೇಶ್ ಸರ್ ಗಡಬಡಿಸಿ ಎದ್ದು ಕುರ್ಚಿ ಸರಿಸಿದರು.

“ಬನ್ನಿ ಅಕ್ಕ, ಕೂತ್ಕಳಿ.”

“ಇವ್ರೆಲ್ಲ ನಿಂತಿದ್ರು. ನಾನೂ ನಿಲ್ತೆ,” ಎಂದಳು. ನನ್ನ ಮಗ್ಗುಲಲ್ಲೇ ಸಾಲಿನಲ್ಲಿ ನಿಂತಳು. “ನನ್ ಗಂಡ ಬೋಟ್ ಹತ್ತಿದ್ದ. ನಿಮ್ ಕಂಪ್ಯೂಟರಲ್ಲಿ ಅವ್ನ ಹೆಸ್ರು ಎಲ್ಲದೆ ತೋರ್ಸಿ. ನೋಡೂಕೆ ಬಂದೆ.”

“ಅದೆಲ್ಲ ಸರಿ ಮಾಡಾತು ಅಕ್ಕ. ನೋಡಿ, ಬೋರ್ಡಲ್ಲೇ ಅದೆ,” ಎಂದು ದಿನೇಶ್ ಸರ್ ಹಲಗೆಯ ಕಡೆ ಕೈ ತೋರಿಸಿದರು. ಮೀನುಗಾರರ ಹೆಂಗಸಿಗೆ ಓದಲು ಬಾರದು ಎಂದುಕೊಂಡಿರಬೇಕು. ಅವಳು ಹತ್ತಿರ ಹೋಗಿ, ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು.

“ಬ-ದ-ಲಿ ಆ-ಳು. ಮೇಲೆ ‘ಆತು’ ಹೇಳಿ ಬರ್ದಿದ್ರಿ. ಎಂತ ಆತು? ಆಗಿ ಮುಗ್ದದ್ದಾ, ಇನ್ಮೇಲೆ ಆಗೂದಾ?” ತಿರುಗಿ ನಮ್ಮನ್ನು ನೋಡಿದಳು. “ನನ್ ಗಂಡ ಅಲ್ಲಿ ನೀರಲ್ಲಿ ಸಾಯೂಕೆ ಬಿದ್ದಿದ್ದ. ನಾನಿಲ್ಲಿ ನಗಾಡ್ತಾ ಬಳಚು ಹೆಕ್ಕತಿದ್ದೆ. ಯಾರು ಬರ್ದದ್ದು ಇದು?”

ದಿನೇಶ್ ಸರ್ ನನ್ನನ್ನು ನೋಡಿದ ನೋಟದಲ್ಲಿ ‘ಸುಮ್ಮನಿರು’ ಎಂಬುದು ಸ್ಪಷ್ಟವಿತ್ತು. ಎರಡೂವರೆ ತಿಂಗಳು ಸುಮ್ಮನಿದ್ದೆನಲ್ಲ, ಸಾಕಾಗಿತ್ತು.

“ಚೀಟಿ ಬರ್ದದ್ದು ನಾನು. ಆಗ್ಲಿಲ್ಲ ಅಕ್ಕ. ಶುರುವೇ ಆಗ್ಲಿಲ್ಲ,” ಎಂದೆ. ಹೋಗಿ ಪಿನ್ನು ಕಿತ್ತೆ. ಬೆರಳಿಗೆ ಚುಚ್ಚಿಕೊಂಡಿತು. ಚೀಟಿಯನ್ನು ಮೊದಲ ಕಾಲಮ್ಮಿಗೆ ತಂದು ಚುಚ್ಚಿದೆ.

“ಸವಿತಾ!” ಎಂದು ದಿನೇಶ್ ಸರ್ ಗದರಿದರು.

“ಕೂಗ್ಬೇಡಿ ಸರ್. ನಿಮ್ಗೆ ಗೊತ್ತಿತ್ತು,” ಎಂದೆ. ಇಮ್ರಾನ್ ಬಂದು ತನ್ನವು ಎರಡು ಚೀಟಿ ಕಿತ್ತು ಹಿಂದಕ್ಕೆ ಚುಚ್ಚಿದ. ಅವನ ಹಿಂದೆ ಉಳಿದವರು. ಐದೇ ನಿಮಿಷದಲ್ಲಿ ‘ಆತು’ ಕಾಲಂ ಬಹುಪಾಲು ಖಾಲಿಯಾಯಿತು. ಆ ಸಂಜೆ ಹಲಗೆಯ ಫೋಟೊ ತೆಗೆಯಲು ದಿನೇಶ್ ಸರ್ ಬರಲಿಲ್ಲ.

ಸೊಸೈಟಿಯವರು ಹಠ ಹಿಡಿದರು, ನಾಗಪ್ಪಣ್ಣ ಹೂಂ ಅನ್ನದೆ ಕೆಲಸ ಒಪ್ಪುವುದಿಲ್ಲ ಎಂದು. ಮುಂದಿನ ಮೂರು ವಾರ ಅವರು ನಮ್ಮ ಕಚೇರಿಯಲ್ಲಿ ನನ್ನ ಪಕ್ಕ ಕೂತರು. ನಾವೇ ಒಂದು ಕಟ್ಟಳೆ ಮಾಡಿಕೊಂಡೆವು. ಮಾಡಿದವರು ಚೀಟಿ ಮುಟ್ಟುವಂತಿಲ್ಲ, ಸಾಹೇಬರೂ ಮುಟ್ಟುವಂತಿಲ್ಲ. ನಾಗಪ್ಪಣ್ಣ ತಾವೇ ಸ್ಕ್ರೀನಿನಲ್ಲಿ ಆ ಕೆಲಸ ಮಾಡಿ, ಕಾಗದ ತೆಗೆದು ನೋಡಿ, ಎದ್ದು ಹೋಗಿ ಚೀಟಿ ಸರಿಸಬೇಕು. ನಿಂತ ಸಭೆಯಲ್ಲಿ ಆ ಪದವನ್ನೇ ಬಿಟ್ಟುಬಿಟ್ಟೆವು. ‘ಮುಗ್ದದೆ’ ಇಲ್ಲವೇ ‘ಮಾಡ್ತೆ’, ಎರಡರಲ್ಲಿ ಒಂದು ಹೇಳಬೇಕು. ಬಾಯಿ ತಪ್ಪಿ ‘ಆತು’ ಅಂದವರಿಗೆ ನಾಗಪ್ಪಣ್ಣ ‘ಎಂತ ಆತು?’ ಎನ್ನುತ್ತಿದ್ದರು. ಸಭೆ ಹತ್ತೇ ನಿಮಿಷಕ್ಕೆ ಮುಗಿಯತೊಡಗಿತು. ಧಕ್ಕೆಯಲ್ಲಿ ಹೆಸರು ಕೂಗುವುದೂ ಮತ್ತೆ ಶುರುವಾಯಿತು, ‘ಹೋ’ ಕೇಳಿದ ಮೇಲೆಯೇ ಕಂಪ್ಯೂಟರಿಗೆ.

ಮತ್ತೆ ದಿನೇಶ್ ಸರ್? ಅವರು ಇದನ್ನೆಲ್ಲ ಪುಣೆಗೆ ತಮ್ಮ ಸುಧಾರಣೆ ಎಂದು ಬರೆದರು. ‘ಬಳಸುವವರನ್ನೇ ತಂಡದೊಳಗೆ ಕೂರಿಸಿದೆ, ಮುಗಿಯಿತು ಎಂಬುದಕ್ಕೆ ಸ್ಪಷ್ಟ ಅರ್ಥ ಕೊಟ್ಟೆ’ ಎಂದು ದೊಡ್ಡ ಸಭೆಯಲ್ಲಿ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದರು. ವರ್ಷದೊಳಗೆ ಬಡ್ತಿ ಸಿಕ್ಕಿ ಪುಣೆಗೆ ಹೋದರು. ಆ ಭಾಷಣದಲ್ಲಿ ನಾಗಪ್ಪಣ್ಣನ ಹೆಸರಿರಲಿಲ್ಲ, ಮಾದೇವಿಯ ಹೆಸರಂತೂ ಇಲ್ಲವೇ ಇಲ್ಲ. ಇವತ್ತಿಗೂ ಆ ಮನುಷ್ಯ ಎದುರು ಸಿಕ್ಕರೆ ನಾನು ಮುಖ ಕೊಟ್ಟು ಮಾತಾಡುವುದಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ, ಬದಲಿ ಆಳಿನ ಸ್ಕ್ರೀನು ನಿಜವಾಗಿ ಮುಗಿದ ಮೇಲೆ, ಮಾದೇವಿಯನ್ನು ಹೊನ್ನಾವರದ ಸೊಸೈಟಿಗೆ ಕರೆಸಿದೆವು. ಈಶ್ವರ ಮತ್ತೆ ಕಡಲಿಗೆ ಹೋಗಿದ್ದ. ಅವನ ಹೆಸರು ಪಟ್ಟಿಯಲ್ಲಿತ್ತು, ಅದರ ಮುಂದೆ ಸುದ್ದಿ ಮುಟ್ಟಿಸಬೇಕಾದ ಫೋನ್ ನಂಬರಿನ ಜಾಗ ಖಾಲಿ ಇತ್ತು. ಅವಳ ಮನೆಯಲ್ಲಿ ಫೋನಿಲ್ಲ. ಪಕ್ಕದ ಅಂಗಡಿಯ ನಂಬರನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದಿದ್ದಳು. ಅದನ್ನು ನೋಡಿ ಹಾಕಿದೆ.

“ಇನ್ಮೇಲೆ ಎಂತಾರೂ ಆದ್ರೆ ಸುದ್ದಿ ನಂಗೇ ಮೊದ್ಲು ಬರ್ತದ್ಯಾ ತಂಗಿ?”

“ಬರ್ತದೆ ಅಕ್ಕ. ನಿಮ್ಗೇ ಮೊದ್ಲು.”

ಅವಳು ಪರದೆಯ ಹತ್ತಿರ ಬಗ್ಗಿ ಗಂಡನ ಹೆಸರು ಓದಿದಳು. ಹೊಗಳುತ್ತಾಳೆ ಎಂದು ನಾನು ಕಾದಿದ್ದೆ, ನನ್ನ ಬುದ್ಧಿಗಿಷ್ಟು.

“ಹಂಗಾರೆ ಇನ್ಮೇಲೆ ಅಂಗ್ಡಿ ಫೋನು ಹೊಡ್ಕಂಡಾಗೆಲ್ಲ ಹೆದ್ರೂದು ನಾನೇ,” ಎಂದಳು.

ಬಸ್ಸಿಗೆ ಹೊತ್ತಾಯಿತೆಂದು ಎದ್ದವಳು ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ಕೈಯಲ್ಲಿದ್ದ ಚೀಟಿ ಬಿಡಿಸಿ ಹಿಡಿದು, ಪರದೆ ನೋಡಿಕೊಂಡು ನಂಬರು ಇನ್ನೊಂದು ಸಲ ಗಟ್ಟಿಯಾಗಿ ಓದಲು ಹೇಳಿದಳು. ಓದಿದೆ. ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ತಾಳೆ ನೋಡಿದಳು. ಸರಿಯಿತ್ತು.